ಕೆರಿಬಿಯನ್ ಕಾರ್ವರಿಗೆ ಹೋಗಿ 88 ಪೌಂಡ್ ಕೊಟ್ಟು ಬಂದೆವು. ತಪ್ಪು ನಮ್ಮದಾ, ಅವರದಾ?

ಮಲೆನಾಡ ಮಿಡಿ

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವವರು ಸ್ವಲ್ಪ ಹೇಳಿ. ಹೋದ ಭಾನುವಾರ ನಮ್ಮವರ ಹುಟ್ಟುಹಬ್ಬ ಇತ್ತು. ತೀರ್ಥಹಳ್ಳಿಯಿಂದ ಅಮ್ಮನೂ ಬಂದಿದ್ದಾರೆ. ಕೋಳಿ, ಕುರಿ ಎಲ್ಲ ತಿನ್ನುತ್ತಾರೆ, ಆದರೆ ಇಲ್ಲಿಯ ಸಂಡೇ ರೋಸ್ಟ್ (ಓವನ್ನಿನಲ್ಲಿ ಬೇಯಿಸಿದ ಮಾಂಸದ ಭಾನುವಾರದ ಊಟ) ಅವರಿಗೆ ಆಗಲ್ಲ. ‘ಬೇಯಿಸಿದ್ದಾರೆ ಅಷ್ಟೆ, ಅಡುಗೆ ಮಾಡಿಲ್ಲ’ ಅಂತಾರೆ. ಅದಕ್ಕೇ ಖಾರ ಇರುತ್ತೆ ಅಂತ ಹೊಸದಾಗಿ ಶುರುವಾದ ಒಂದು ಕೆರಿಬಿಯನ್ ಕಾರ್ವರಿಯಲ್ಲಿ ಟೇಬಲ್ ಬುಕ್ ಮಾಡಿದೆ. ಹೆಸರು ಹಾಕಲ್ಲ, ಕೇಳಬೇಡಿ.

ಕಾರ್ವರಿ ಗೊತ್ತಿಲ್ಲದವರಿಗೆ: ದೊಡ್ಡ ದೊಡ್ಡ ಮಾಂಸದ ತುಂಡು ಕೌಂಟರ್ ಮೇಲೆ ದೀಪದ ಕೆಳಗೆ ಇಟ್ಟಿರುತ್ತಾರೆ. ನಾವು ತಟ್ಟೆ ಹಿಡಿದು ಸಾಲಲ್ಲಿ ನಿಂತರೆ ಒಬ್ಬರು ಚಾಕುವಿನಲ್ಲಿ ಕೊಯ್ದು ಹಾಕುತ್ತಾರೆ. ತರಕಾರಿ, ಆಲೂಗಡ್ಡೆ, ಗ್ರೇವಿ ನಾವೇ ಬಡಿಸಿಕೊಳ್ಳಬೇಕು. ಇಲ್ಲಿ ಅದರ ಜೊತೆ ಜರ್ಕ್ ಚಿಕನ್, ಮೇಕೆ ಕರಿ, ರೈಸ್ ಅಂಡ್ ಪೀಸ್, ಪ್ಲಾಂಟೇನ್, ಮ್ಯಾಕರೋನಿ ಪೈ ಅಂತ ಬೋರ್ಡಿನಲ್ಲಿ ಇತ್ತು.

ನಮ್ಮದು ಸಂಜೆ 4 ಗಂಟೆಯ ಟೇಬಲ್. ಮದುವೆ ಮನೆಯಲ್ಲಿ ಕೊನೆ ಪಂಕ್ತಿಗೆ ಕೂತ ಹಾಗಾಯಿತು. ಅನ್ನದ ಟ್ರೇಯ ಮೂಲೆ ಕೆರೆದು ಹಾಕಿಕೊಂಡೆವು, ಮೇಲಿನ ಪದರ ಅವಲಕ್ಕಿಯ ಹಾಗೆ ಗಟ್ಟಿ. ಪೀಸ್ ಅಂದಿದ್ದಾರೆ, ಒಂದು ಬಟಾಣಿ ಕೂಡ ಇಲ್ಲ, ಬರೀ ರಾಜ್ಮಾ! ಕೋಳಿ ಹೊರಗೆ ಕಪ್ಪಗೆ ಸೀದಿತ್ತು, ಒಳಗೆ ನಾರು, ಮೇಲೆ ಸಿಹಿ ಸಾಸ್. ಅಮ್ಮ ಒಂದು ಎಳೆ ಎಳೆದು ಬೆಳಕಿಗೆ ಹಿಡಿದು ‘ಇದು ಕೋಳೀನಾ, ತೆಂಗಿನ ನಾರಾ’ ಅಂದರು. ಪ್ಲಾಂಟೇನ್ ತಣ್ಣಗೆ. ಮೇಕೆ ಕರಿ ತಲೆಗೆ ಒಂದೇ ಸೌಟು, ಅದರಲ್ಲೂ ಮೂಳೆಯೇ ಜಾಸ್ತಿ. ಕೊನೆಗೆ ಎಲ್ಲದರ ಮೇಲೆ ಕಂದು ಗ್ರೇವಿ ಮಾತ್ರ ಅವರೇ ಸುರಿದುಬಿಟ್ಟರು, ಕೇಳಲೂ ಇಲ್ಲ.

ದೊಡ್ಡವರಿಗೆ 19 ಪೌಂಡ್, ಮಗನಿಗೆ 9.50, ಮೂರು ಡ್ರಿಂಕ್ಸ್ 12. ಅದರ ಮೇಲೆ 12.5% ಸರ್ವಿಸ್ ಚಾರ್ಜ್. ಬಡಿಸಿಕೊಂಡಿದ್ದು ನಾವೇ, ತಟ್ಟೆ ಹೊತ್ತಿದ್ದೂ ನಾವೇ! ಒಟ್ಟು 88.31.

ಕೆರಿಬಿಯನ್ ಊಟ ಅಂದರೆ ಹೀಗೇನಾ? ಅಥವಾ ನಾವು ಹೋದ ಜಾಗ ಸರಿ ಇಲ್ವಾ?

ಅರ್ಧ ಇಡ್ಲಿ

ಫೋಟೋ ಇದೆಯಾ?

ಮಲೆನಾಡ ಮಿಡಿ

ಇದೆ. ಊಟಕ್ಕಿಂತ ಫೋಟೋನೇ ಚೆನ್ನಾಗಿದೆ, ಅದಕ್ಕೆ ಹಾಕಲ್ಲ.

ಕೋವೆಂಟ್ರಿ ಗೌಡ

ಜಮೈಕಾದವರ ಊಟಕ್ಕೆ ಹೋಗಿ ಬಟಾಣಿ ಎಲ್ಲಿ ಅಂತ ಅಳುವುದು! ನಮ್ಮ ಮನೆಗೆ ಯಾರಾದರೂ ಬಂದು ಮೈಸೂರು ಪಾಕಿನಲ್ಲಿ ಮೈಸೂರು ಎಲ್ಲಿ ಅಂತ ಕೇಳಿದ ಹಾಗಾಯಿತು. ಮೇಡಂ, ಹೋಗುವ ಮುಂಚೆ ಸ್ವಲ್ಪ ಓದಿಕೊಂಡು ಹೋಗಿ.

ಹ್ಯಾಂಡ್ಸ್‌ವರ್ತ್ ಸೊಸೆ

ಗೌಡ್ರೇ, ಸ್ವಲ್ಪ ಮೆಲ್ಲಗೆ. ಅವರಿಗೆ ಗೊತ್ತಿಲ್ಲ, ಅದಕ್ಕೇ ಕೇಳಿದ್ದಾರೆ.

ನನ್ನ ಯಜಮಾನರ ಅಜ್ಜಿ ಜಮೈಕಾದಿಂದ ಬಂದವರು. ಹನ್ನೊಂದು ವರ್ಷದಿಂದ ಆ ಅಡುಗೆ ಮನೆಯಲ್ಲಿ ಬೈಸಿಕೊಂಡು ಕಲಿತಿದ್ದೇನೆ, ಆ ಅಧಿಕಾರದ ಮೇಲೆ ಹೇಳುತ್ತೇನೆ. ಅಕ್ಕಾ, ನಿಮ್ಮ ದೂರಿನಲ್ಲಿ ಅರ್ಧ ಸರಿ, ಅರ್ಧ ತಪ್ಪು.

ತಪ್ಪು ಯಾವುದು ಅಂದರೆ, ಜಮೈಕಾದಲ್ಲಿ ಪೀಸ್ ಅಂದರೆ ಬಟಾಣಿ ಅಲ್ಲ. ಸಾಮಾನ್ಯವಾಗಿ ಕೆಂಪು ರಾಜ್ಮಾ, ಕ್ರಿಸ್‌ಮಸ್ ಹೊತ್ತಿಗೆ ಗುಂಗೋ ಪೀಸ್, ಅಂದರೆ ನಮ್ಮ ತೊಗರಿ. ಕಾಳು ಬೇಯಿಸಿದ ನೀರು, ತೆಂಗಿನ ಹಾಲು, ಥೈಮ್ ಸೊಪ್ಪು, ಆಲ್‌ಸ್ಪೈಸ್ ಅನ್ನುವ ಮಸಾಲೆ ಕಾಳು ಹಾಕಿ ಅದರಲ್ಲೇ ಅಕ್ಕಿ ಬೇಯಿಸುತ್ತಾರೆ. ಮೇಲೆ ಇಡೀ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಒಂದು. ಅದು ಒಡೆಯಬಾರದು. ನಾನು ಮೊದಲ ಸಲ ಸೌಟು ಆಡಿಸಿ ಒಡೆದುಬಿಟ್ಟೆ. ಆ ಭಾನುವಾರ ಮನೆಯಲ್ಲಿ ಯಾರೂ ಮಾತಾಡಲಿಲ್ಲ, ಬರೀ ನೀರು ಕುಡಿದರು.

ಕೋಳಿಯ ಹೊರಗೆ ಕಪ್ಪು ಇರಲೇಬೇಕು, ಸೀದಿದ್ದಲ್ಲ ಅದು. ಮೇಕೆ ಕರಿಯಲ್ಲಿ ಮೂಳೆ ಇರಲೇಬೇಕು, ರುಚಿ ಇಳಿಯುವುದೇ ಮೂಳೆಯಿಂದ. ನಿಮ್ಮಮ್ಮನನ್ನು ಕೇಳಿ, ಒಪ್ಪುತ್ತಾರೆ.

ಸರಿ ಯಾವುದು ಅಂದರೆ, ಒಳಗೆ ನಾರು ಆಗಿದ್ದರೆ ಅದು ಕೆಟ್ಟ ಜರ್ಕ್. ಸಿಹಿ ಸಾಸ್ ಸುರಿದಿದ್ದರೆ ಅದು ಜರ್ಕೇ ಅಲ್ಲ. ತಣ್ಣನೆ ಪ್ಲಾಂಟೇನ್‌ಗೆ ಕ್ಷಮೆ ಇಲ್ಲ. ಅದೇನು, ಸಿಪ್ಪೆ ಕಪ್ಪಾಗುವವರೆಗೆ ಹಣ್ಣಾದ ಬಾಳೆಯನ್ನು ಓರೆಯಾಗಿ ಕೊಯ್ದು ಎಣ್ಣೆಯಲ್ಲಿ ಬಾಡಿಸುವುದು, ಐದು ನಿಮಿಷದ ಕೆಲಸ.

ಮಲೆನಾಡ ಮಿಡಿ

ಅಯ್ಯೋ, ಬಟಾಣಿ ವಿಷಯ ಅಳಿಸಿಬಿಡಲಾ? ಮರ್ಯಾದೆ ಹೋಯಿತು. ಮೂಳೆ ವಿಷಯ ಅಮ್ಮನಿಗೆ ಹೇಳಿದೆ. ‘ಮೂಳೆ ಇರಲಿ, ಅದಕ್ಕೆ ಅಂಟಿಕೊಂಡು ಸ್ವಲ್ಪ ಮಾಂಸ ಬೇಡವಾ’ ಅಂತಾರೆ.

ಅರ್ಧ ಇಡ್ಲಿ

ಅಳಿಸಬೇಡಿ, ನಾನೂ ಇಷ್ಟು ದಿನ ಬಟಾಣಿ ಅಂತಲೇ ಅಂದುಕೊಂಡಿದ್ದೆ.

ಪಾತ್ರೆ ತೊಳೆದವ

ನಾನು ಓದುವಾಗ ವಾರಕ್ಕೆ 20 ಗಂಟೆ ಒಂದು ಕಾರ್ವರಿಯಲ್ಲಿ ಪಾತ್ರೆ ತೊಳೆದಿದ್ದೇನೆ. ಕೆರಿಬಿಯನ್ ಅಲ್ಲ, ಮಾಮೂಲಿ ಪಬ್ಬಿನದು. ಮಲೆನಾಡ ಮಿಡಿಯವರೇ, ನಿಮ್ಮ ಊಟ ಕೆಟ್ಟಿದ್ದು ದೇಶದಿಂದ ಅಲ್ಲ, ದೀಪದಿಂದ.

ಇಂಗ್ಲೆಂಡಿನಲ್ಲಿ ಬಿಸಿ ಇಡುವ ಊಟ 63 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಅಂತ ಕಾನೂನು. ಒಂದು ಸಲ ಮಾತ್ರ, ಎರಡು ಗಂಟೆಯ ತನಕ ವಿನಾಯಿತಿ ಇದೆ. ಹಾಗಾಗಿ ಎಲ್ಲವೂ ದೀಪದ ಕೆಳಗೆ, ಬಿಸಿ ನೀರಿನ ತೊಟ್ಟಿಯ ಮೇಲೆ ಕೂತಿರುತ್ತದೆ. ಐದು ಕೆಜಿಯ ಬೀಫ್ ತುಂಡು ಇದನ್ನು ತಡೆದುಕೊಳ್ಳುತ್ತದೆ. ಗಿರಾಕಿ ಬಂದಾಗ ಹೊಸದಾಗಿ ಕೊಯ್ಯುತ್ತೀರಿ, ಒಳಗಿನ ರಸ ಒಳಗೇ ಇರುತ್ತದೆ. ಕಾರ್ವರಿ ಅನ್ನುವ ಉಪಾಯವೇ ದೊಡ್ಡ ತುಂಡಿಗಾಗಿ ಮಾಡಿದ್ದು. ಕೋಳಿ ತೊಡೆಯನ್ನು ಅಲ್ಲಿ ಮೂರು ಗಂಟೆ ಇಟ್ಟರೆ ಉಳಿಯುವುದು ನೀವು ಹೇಳಿದ ತೆಂಗಿನ ನಾರೇ. ಅನ್ನ ಮೇಲಿಂದ ಒಣಗುತ್ತದೆ, ಕೆಳಗೆ ಮುದ್ದೆಯಾಗುತ್ತದೆ. ಮ್ಯಾಕರೋನಿ ಸಾಸನ್ನೆಲ್ಲ ಹೀರಿಕೊಂಡು ಇಟ್ಟಿಗೆಯಾಗುತ್ತದೆ.

ಇನ್ನೊಂದು ಗುಟ್ಟು. ಮಧ್ಯಾಹ್ನ 12 ಗಂಟೆಗೆ ಹೊಸ ಟ್ರೇ ಬರುತ್ತದೆ. ಮೂರರ ಮೇಲೆ ಯಾವ ಅಡುಗೆಯವನೂ ಹೊಸ ಟ್ರೇ ಹಾಕಲ್ಲ, ಉಳಿದರೆ ಯಾರು ತಿನ್ನಬೇಕು? ನಮ್ಮಲ್ಲಿ ಅರ್ಧ ಖಾಲಿ ಟ್ರೇಯನ್ನು ಸಣ್ಣ ಟ್ರೇಗೆ ಬದಲಿಸಿ ತುಂಬಿದ ಹಾಗೆ ಕಾಣಿಸುವುದು ನನ್ನದೇ ಕೆಲಸ ಆಗಿತ್ತು. ನಾಲ್ಕಕ್ಕೆ ಹೋಗಿದ್ದೇ ನಿಮ್ಮ ತಪ್ಪು.

ಕೋವೆಂಟ್ರಿ ಗೌಡ

ನಾಲ್ಕಕ್ಕೆ ಟೇಬಲ್ ಕೊಟ್ಟಿದ್ದು ಅವರೇ ಅಲ್ವಾ? ಹಣ ಮಾತ್ರ ಹನ್ನೆರಡು ಗಂಟೆಯ ಲೆಕ್ಕದಲ್ಲೇ ತಗೊಂಡರು. ಇದರಲ್ಲಿ ನಾನು ಮೇಡಂ ಪರ.

ಪಾತ್ರೆ ತೊಳೆದವ

ಅದೂ ಸರಿಯೇ.

ಜೀಗುಜ್ಜೆ

ಆದರೂ ಮಾರಾಯ್ರೆ, ದೀಪದ ಮೇಲೇ ಎಲ್ಲ ಹಾಕಬೇಡಿ. ಮೇಕೆ ಕರಿ ಕೂತಷ್ಟೂ ರುಚಿ, ನಮ್ಮ ಕೋರಿ ಗಸಿ ಮಾರನೇ ದಿನ ಚೆನ್ನಾಗಿರುತ್ತದಲ್ಲ, ಹಾಗೆ. ಎತ್ತಿನ ಬಾಲದ ಸ್ಟ್ಯೂ ಕೂಡ ಹಾಗೇ. ಇಂಥವನ್ನು ನಾಲ್ಕು ದೊಡ್ಡ ಪಾತ್ರೆಯಲ್ಲಿ ಇಟ್ಟು ಬಡಿಸಿದರೆ ಕೆರಿಬಿಯನ್ ಕಾರ್ವರಿ ಚೆನ್ನಾಗಿಯೇ ನಡೆಯುತ್ತದೆ. ಇವರು ಕೂರಬೇಕಾದ್ದಕ್ಕೆ ತಲೆಗೆ ಒಂದು ಸೌಟು ಅಂತ ಲೆಕ್ಕ ಇಟ್ಟರು, ಕೂರಬಾರದ್ದನ್ನು ಧಾರಾಳವಾಗಿ ಕೂರಿಸಿದರು.

ಸ್ಲಿಪ್ ಫೀಲ್ಡರ್

ಜರ್ಕ್ ಅಂದರೆ ಒಂದು ಸಾಸ್ ಅಲ್ವಾ? ಸೂಪರ್ ಮಾರ್ಕೆಟ್‌ನಲ್ಲಿ ಬಾಟಲಿ ಸಿಗುತ್ತದೆ.

ಹ್ಯಾಂಡ್ಸ್‌ವರ್ತ್ ಸೊಸೆ

ಬಾಟಲಿಯಲ್ಲಿ ಪುಳಿಯೋಗರೆ ಗೊಜ್ಜೂ ಸಿಗುತ್ತದೆ ಸರ್.

ಜರ್ಕ್ ಅಂದರೆ ಮಸಾಲೆ ಮತ್ತು ಸುಡುವ ವಿಧಾನ, ಎರಡೂ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಜಮೈಕಾದ ಬೆಟ್ಟ ಸೇರಿದ ಮರೂನ್ ಜನ ಕಾಡುಹಂದಿಯ ಮಾಂಸವನ್ನು ಹೀಗೆ ಹದ ಮಾಡುತ್ತಿದ್ದರು. ಆಲ್‌ಸ್ಪೈಸ್, ಸ್ಕಾಚ್ ಬಾನೆಟ್, ಥೈಮ್, ಈರುಳ್ಳಿ ಹೂ, ಶುಂಠಿ, ಬೆಳ್ಳುಳ್ಳಿ ಅರೆದು ಹಚ್ಚಿ ರಾತ್ರಿಯಿಡೀ ಬಿಟ್ಟು, ಆಲ್‌ಸ್ಪೈಸ್ ಮರದ ಕಟ್ಟಿಗೆಯ ಹೊಗೆಯಲ್ಲಿ ನಿಧಾನಕ್ಕೆ ಸುಡುವುದು. ಪೋರ್ಟ್‌ಲ್ಯಾಂಡ್ ಜಿಲ್ಲೆಯ ಬಾಸ್ಟನ್ ಬೇ ಇದಕ್ಕೆ ಹೆಸರುವಾಸಿ. ಇಲ್ಲಿ ಆ ಕಟ್ಟಿಗೆ ಸುಲಭಕ್ಕೆ ಸಿಗಲ್ಲ. ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ ಇದ್ದಿಲು ಹಾಕಿ, ನೆನೆಸಿದ ಆಲ್‌ಸ್ಪೈಸ್ ಕಾಳನ್ನು ಕೆಂಡದ ಮೇಲೆ ಎರಚುತ್ತಾರೆ. ಆಗಸ್ಟ್ ಕೊನೆಗೆ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ಹೋಗಿ ನೋಡಿ, ಆ ಹೊಗೆ ಎರಡು ದಿನ ಕೂದಲಿಂದ ಹೋಗಲ್ಲ. ಕಾರ್ವರಿಯ ಓವನ್‌ನಲ್ಲಿ ಹೊಗೆ ಎಲ್ಲಿಂದ ಬರಬೇಕು? ಅದಕ್ಕೇ ಸಾಸ್ ಸುರಿದಿದ್ದಾರೆ.

ಜೀಗುಜ್ಜೆ

ಆಲ್‌ಸ್ಪೈಸ್ ಮರ ನಮ್ಮ ಪುತ್ತೂರಿನ ಮನೆಯ ಹಿಂದೆ ಇದೆ. ಅಮ್ಮ ಪಲಾವಿಗೆ ಎರಡು ಎಲೆ ಕಿತ್ತು ಹಾಕುತ್ತಾರೆ. ಲವಂಗ, ಚಕ್ಕೆ, ಜಾಯಿಕಾಯಿ ಮೂರರ ಪರಿಮಳವೂ ಒಂದೇ ಎಲೆಯಲ್ಲಿ. ಇದು ಜಮೈಕಾದ ಕಡೆಯದ್ದು ಅಂತ ಗೊತ್ತಾಗಿದ್ದೇ ನಾನು ಇಲ್ಲಿಗೆ ಬಂದ ಮೇಲೆ.

ಅಲ್ಲಿಯ ಬ್ರೆಡ್‌ಫ್ರೂಟ್ ನಮ್ಮ ಜೀಗುಜ್ಜೆ. ಅದು ಹೋಗಿದ್ದು ಮಾತ್ರ ಉಲ್ಟಾ ದಿಕ್ಕಿನಲ್ಲಿ. 1793ರಲ್ಲಿ ಕ್ಯಾಪ್ಟನ್ ಬ್ಲೈ ಅನ್ನುವವನು ಹಡಗಿನಲ್ಲಿ ಸಸಿ ತುಂಬಿಕೊಂಡು ಪೆಸಿಫಿಕ್‌ನಿಂದ ತಂದು ಸೇಂಟ್ ವಿನ್ಸೆಂಟ್, ಜಮೈಕಾದಲ್ಲಿ ಇಳಿಸಿದ. ತೋಟದ ಗುಲಾಮರ ಹೊಟ್ಟೆ ಅಗ್ಗದಲ್ಲಿ ತುಂಬಿಸುವುದಕ್ಕೆ. ಇವತ್ತು ಅವರು ಅದನ್ನು ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ, ನಾವು ಪೋಡಿ, ಅಂದರೆ ಬಜ್ಜಿ ಮಾಡುತ್ತೇವೆ.

ಪುಂಡಿಪಲ್ಯ

ಅಕ್ಕಾರ, ಕೆಂಪಗೆ ಒಂದು ಶರಬತ್ ಇತ್ತಾ ಅಲ್ಲಿ? ಸಾರೆಲ್ ಅಂತಾರ. ಅದು ನಮ್ಮ ಪುಂಡಿ ಜಾತಿಯ ಗಿಡದ ಹೂವಿನ ಬಟ್ಟಲಿಂದ ಮಾಡೋದು. ನಾವು ಎಲೆ ತಿಂದು ರೊಟ್ಟಿ ಮುರೀತೀವಿ, ಅವರು ಹೂವು ಕುದಿಸಿ ಶುಂಠಿ ಹಾಕಿ ಕುಡೀತಾರ. ಮೊದಲ ಗುಟುಕಿಗೆ ನನಗೆ ಕಲಬುರಗಿ ನೆನಪಾತು.

ಮಲೆನಾಡ ಮಿಡಿ

ಇತ್ತು! ಮಗ ಕುಡಿದ. ಅದೊಂದೇ ಚೆನ್ನಾಗಿತ್ತು ಅಂದ.

ಹ್ಯಾಂಡ್ಸ್‌ವರ್ತ್ ಸೊಸೆ

ಪಟ್ಟಿ ಇನ್ನೂ ಇದೆ. ಜಮೈಕಾದ ಕಲಲೂ ಅಂದರೆ ಹರಿವೆ ಸೊಪ್ಪು. ಟ್ರಿನಿಡಾಡ್‌ನಲ್ಲಿ ಅದೇ ಹೆಸರಿಗೆ ಕೆಸುವಿನ ಎಲೆ ಹಾಕುತ್ತಾರೆ. ಚೋಚೋ ಅಂದರೆ ಸೀಮೆಬದನೆಕಾಯಿ. ಟ್ರಿನಿಡಾಡ್ ಕಡೆ ಮಾಂಸಕ್ಕೆ ಹಚ್ಚುವ ಹಸಿರು ಮಸಾಲೆಯಲ್ಲಿ ಅಗಲ ಎಲೆಯ ಥೈಮ್ ಅಂತ ಒಂದಿದೆ, ಮೂಸಿ ನೋಡಿದರೆ ನಮ್ಮ ದೊಡ್ಡಪತ್ರೆ!

ಸ್ಲಿಪ್ ಫೀಲ್ಡರ್

ನನಗೆ ಊಟ ಗೊತ್ತಿಲ್ಲ, ಕ್ರಿಕೆಟ್ ಗೊತ್ತು. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, 1974ರ ನವೆಂಬರ್. ಎರಡು ಇನಿಂಗ್ಸ್‌ನಲ್ಲಿ 4 ಮತ್ತು 3. ಎರಡೂ ಸಲ ಔಟ್ ಮಾಡಿದ್ದು ನಮ್ಮ ಚಂದ್ರಶೇಖರ್.

ಕೋವೆಂಟ್ರಿ ಗೌಡ

ಅದೇ ಪಂದ್ಯದಲ್ಲಿ ಗ್ರೀನಿಜ್ ಕೂಡ ಮೊದಲ ಸಲ ಇಳಿದು 93, 107 ಹೊಡೆದ. ಅದನ್ನು ಯಾಕೆ ಬಿಟ್ರಿ?

ಸ್ಲಿಪ್ ಫೀಲ್ಡರ್

ನೆನಪು ಮಾಡಿಕೊಳ್ಳಲು ಇಷ್ಟ ಇಲ್ಲ. ಅದರ ಬದಲು ಗೇಲ್, ಚಿನ್ನಸ್ವಾಮಿ, 2013, 175 ನಾಟೌಟ್. ಮೂವತ್ತು ಬಾಲಿಗೆ ನೂರು. ನಾನು ಆ ದಿನ ಸ್ಟ್ಯಾಂಡಿನಲ್ಲಿದ್ದೆ, ಚುರುಮುರಿ ಪೊಟ್ಟಣ ಕೈಯಲ್ಲೇ ಮೆತ್ತಗಾಯಿತು.

ನಿರ್ವಾಹಕ

ಕ್ರಿಕೆಟ್‌ಗೆ ಬೇರೆ ಜಾಗ ಇದೆ. ಊಟಕ್ಕೆ ಬನ್ನಿ.

ಲೆಕ್ಕದ ಪುಸ್ತಕ

ಸರ್ವಿಸ್ ಚಾರ್ಜ್ ವಿಷಯ ಯಾರೂ ಹೇಳಲಿಲ್ಲ. ಬಿಲ್ಲಿನಲ್ಲಿ ‘ಐಚ್ಛಿಕ’ ಅಂತ ಇದ್ದರೆ ತೆಗೆಯಿರಿ ಅಂತ ಹೇಳಬಹುದು. ತೆಗೆಯಲೇಬೇಕು, ಕಾರಣ ಕೊಡಬೇಕಾಗಿಲ್ಲ. ನಿಮ್ಮ ಲೆಕ್ಕದಲ್ಲಿ ಅದು 9.81 ಪೌಂಡ್. ಊಟವೇ ಸರಿ ಇಲ್ಲದಿದ್ದರೆ 2015ರ ಗ್ರಾಹಕ ಹಕ್ಕು ಕಾಯ್ದೆಯ ಪ್ರಕಾರ ಬೆಲೆ ಇಳಿಸಿ ಅಂತಲೂ ಕೇಳಬಹುದು. ಆದರೆ ಅಲ್ಲೇ, ಆಗಲೇ ಹೇಳಬೇಕು. ತಟ್ಟೆ ಖಾಲಿ ಮಾಡಿ ಆಮೇಲೆ ಕೇಳಿದರೆ ಯಾರು ನಂಬುತ್ತಾರೆ? ನೀವು ಹೇಳಿದ್ರಾ?

ಮಲೆನಾಡ ಮಿಡಿ

ಇಲ್ಲ. ಆ ಹುಡುಗಿ ಬಂದು ಎಲ್ಲ ಚೆನ್ನಾಗಿದೆಯಾ ಅಂತ ಕೇಳಿದಳು. ಮೂವರೂ ಒಟ್ಟಿಗೆ ‘ಲವ್ಲಿ, ಥ್ಯಾಂಕ್ಯೂ’ ಅಂದೆವು. ಅಮ್ಮ ಕೂಡ.

ಅರ್ಧ ಇಡ್ಲಿ

😂😂 ಪೌರತ್ವ ಪರೀಕ್ಷೆ ಪಾಸ್.

ಪಾತ್ರೆ ತೊಳೆದವ

ಸರ್ವಿಸ್ ಚಾರ್ಜ್ ತೆಗೆಸುವುದಕ್ಕೆ ನನ್ನ ವಿರೋಧ ಇದೆ. 2024ರ ಅಕ್ಟೋಬರ್ 1ರಿಂದ ಹೊಸ ಕಾನೂನು ಇದೆ. ಆ ಹಣ ಪೂರ್ತಿ ಕೆಲಸದವರಿಗೆ ಹೋಗಬೇಕು, ಮಾಲೀಕ ಮುಟ್ಟುವ ಹಾಗಿಲ್ಲ. ಅನ್ನ ಒಣಗಿಸಿದ್ದು ಆ ಹುಡುಗಿ ಅಲ್ಲ. ತೆಗೆಸಿದರೆ ಹೋಗುವುದು ಅವಳ ಪಾಲು.

ಲೆಕ್ಕದ ಪುಸ್ತಕ

ಹಾಗಂತ ನಾವೇ ಬಡಿಸಿಕೊಂಡಿದ್ದಕ್ಕೆ 12.5% ಕೊಡಬೇಕಾ? ಟೇಬಲ್‌ಗೆ ಬಂದಿದ್ದು ಮೂರು ಗ್ಲಾಸ್. ಒಂದು ಗ್ಲಾಸಿಗೆ ಮೂರು ಪೌಂಡು ಇಪ್ಪತ್ತೇಳು ಪೆನ್ಸ್ ಕೂಲಿ ಬಿತ್ತು.

ಪಾತ್ರೆ ತೊಳೆದವ

ತಟ್ಟೆ ಎತ್ತಿದವರು, ತೊಳೆದವರು? ಒಣಗಿದ ಮ್ಯಾಕರೋನಿ ಟ್ರೇ ಕೆರೆದು ನೋಡಿ ಸರ್, ಆಮೇಲೆ ಲೆಕ್ಕ ಹೇಳಿ.

ಕೋವೆಂಟ್ರಿ ಗೌಡ

ನಂಗೆ ಒಂದೇ ತಕರಾರು. ಯಾರ್ಕ್‌ಷೈರ್ ಪುಡ್ಡಿಂಗ್ (ರೋಸ್ಟ್ ಜೊತೆ ಕೊಡುವ ಹಿಟ್ಟಿನ ಉಬ್ಬು ರೊಟ್ಟಿ) ಪಕ್ಕ ಜರ್ಕ್ ಚಿಕನ್ ಯಾಕೆ? ಎರಡೂ ಹಾಳು. ಇದು ಇಲ್ಲಿಯವರಿಗೆ ಹೆದರಿಸದೆ ಮಾರುವ ಆಟ. ನಮ್ಮ ಊಟಕ್ಕೂ ಹಾಗೇ ಮಾಡಿದ್ದಾರೆ. ಇಲ್ಲಿಯ ಮದ್ರಾಸ್ ಕರಿ ಮದ್ರಾಸಿನವರು ನೋಡಿದರೆ ಗುರುತು ಹಿಡಿಯಲ್ಲ.

ಹ್ಯಾಂಡ್ಸ್‌ವರ್ತ್ ಸೊಸೆ

ಇದನ್ನು ಒಪ್ಪಲ್ಲ ಗೌಡ್ರೇ. ನಮ್ಮ ಮನೆಯ ಭಾನುವಾರದ ತಟ್ಟೆ ನೋಡಿದ್ದೀರಾ? ರೈಸ್ ಅಂಡ್ ಪೀಸ್, ಕೋಳಿ, ಕೋಲ್‌ಸ್ಲಾ, ಪಕ್ಕದಲ್ಲಿ ರೋಸ್ಟ್ ಆಲೂಗಡ್ಡೆ, ಒಮ್ಮೊಮ್ಮೆ ಯಾರ್ಕ್‌ಷೈರ್ ಪುಡ್ಡಿಂಗ್ ಕೂಡ. ಯಾರೂ ಯಾರನ್ನೂ ಒಲಿಸುವುದಕ್ಕೆ ಮಾಡಿದ್ದಲ್ಲ. ವಿಂಡ್‌ರಶ್ ಹಡಗು ಟಿಲ್‌ಬರಿಗೆ ಕೆರಿಬಿಯನ್ ಜನರನ್ನು ಹೊತ್ತು ಬಂದಿದ್ದು 1948ರಲ್ಲಿ. ಇಷ್ಟು ವರ್ಷದಲ್ಲಿ ಎರಡು ಅಡುಗೆ ಒಂದೇ ತಟ್ಟೆಗೆ ಬರದೆ ಇರುತ್ತಾ?

ಅಷ್ಟೇ ಅಲ್ಲ, ಮೇಕೆ ಕರಿ ಯಾರ ಕೊಡುಗೆ ಅಂದುಕೊಂಡಿದ್ದೀರಿ? ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ನಮ್ಮ ದೇಶದಿಂದ ಕರಾರಿನ ಮೇಲೆ ಕೂಲಿಗಳನ್ನು ಹಡಗು ಹತ್ತಿಸಿದರು. ಗಯಾನಾಕ್ಕೆ 1838ರಿಂದ, ಜಮೈಕಾ ಮತ್ತು ಟ್ರಿನಿಡಾಡ್‌ಗೆ 1845ರಿಂದ. ಜಾಸ್ತಿ ಜನ ಬಿಹಾರ, ಉತ್ತರ ಪ್ರದೇಶದ ಕಡೆಯವರು, ಒಂದಷ್ಟು ಜನ ಮದ್ರಾಸ್ ಬಂದರಿನಿಂದ. ಟ್ರಿನಿಡಾಡ್‌ನ ದಾಲ್‌ಪುರಿ, ಕಡಲೆ ಹಾಕಿ ಕೊಡುವ ಡಬಲ್ಸ್, ಎಲ್ಲ ಅವರ ಕೈ. ‘ಕಲಬೆರಕೆ’ ಅಂತ ಹೀಗಳೆಯುವ ಮುಂಚೆ ಅದರಲ್ಲಿ ನಮ್ಮದೆಷ್ಟು ಅಂತ ನೋಡಬೇಕು.

ಕೋವೆಂಟ್ರಿ ಗೌಡ

ಸರಿ ತಾಯಿ, ಸೋತೆ. ಆದರೆ ಜರ್ಕ್ ಮೇಲೆ ಕಂದು ಗ್ರೇವಿ?

ಹ್ಯಾಂಡ್ಸ್‌ವರ್ತ್ ಸೊಸೆ

ಅದಕ್ಕೆ ಮಾತ್ರ ಜೈಲು.

ಪುಂಡಿಪಲ್ಯ

ಈಗ ಅಕ್ಕಾರು ಎಲ್ಲಿಗೆ ಹೋಗಬೇಕು ಅದನ್ನ ಹೇಳ್ರಿ.

ಹ್ಯಾಂಡ್ಸ್‌ವರ್ತ್ ಸೊಸೆ

ಅಂಗಡಿ ಹೆಸರು ಹೇಳಲ್ಲ, ನಾಳೆ ಅಲ್ಲೂ ಸಾಲು ಜಾಸ್ತಿಯಾಗುತ್ತದೆ. ಹ್ಯಾಂಡ್ಸ್‌ವರ್ತ್ ಕಡೆ ಸುಮ್ನೆ ನಡೆಯಿರಿ. ಕೂರಲು ಕುರ್ಚಿ ಇಲ್ಲದ, ಹೊರಗೆ ಡ್ರಮ್ ಹೊಗೆಯಾಡುವ ಪಾರ್ಸೆಲ್ ಅಂಗಡಿ ನೋಡಿ. ಮಧ್ಯಾಹ್ನವೇ ‘ಎತ್ತಿನ ಬಾಲ ಮುಗಿಯಿತು’ ಅಂತ ಹೇಳಿದರೆ ಸಂತೋಷಪಡಿ, ನಿನ್ನೆಯದನ್ನು ಬಡಿಸುತ್ತಿಲ್ಲ ಅಂತ ಅರ್ಥ. ಶನಿವಾರ ಹೋದರೆ ಸೂಪ್ ಕೇಳಿ, ಜಮೈಕಾದವರಿಗೆ ಶನಿವಾರ ಸೂಪಿನ ದಿನ. ಬಡಿಸುವ ಅಮ್ಮ ನಗದಿದ್ದರೆ ಹೆದರಬೇಡಿ, ಅದು ಒಳ್ಳೆಯ ಲಕ್ಷಣ.

ಮಲೆನಾಡ ಮಿಡಿ

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಶನಿವಾರ ಹೋಗಿದ್ದೆವು. ಡ್ರಮ್ಮಿನ ಕೋಳಿ, ಮೇಕೆ ಕರಿ, ಸೂಪ್, ನಾಲ್ಕು ಜನಕ್ಕೆ 41 ಪೌಂಡ್. ಕಾರಿನಲ್ಲೇ ಡಬ್ಬಿ ಬಿಚ್ಚಿದೆವು, ಗಾಜೆಲ್ಲ ಮಂಜಾಯಿತು. ಕೋಳಿಯನ್ನು ಅವರು ಮಚ್ಚಿನಲ್ಲಿ ಮೂಳೆ ಸಮೇತ ಕೊಚ್ಚಿ ಕೊಟ್ಟಿದ್ದರು, ನಮ್ಮೂರ ಅಂಗಡಿಯ ಹಾಗೇ. ಅಮ್ಮನ ಮೂಗಲ್ಲಿ ನೀರು ಬಂತು. ಮಾತಿಲ್ಲ. ಆಮೇಲೆ ‘ಮೆಣಸು ಯಾವುದು ಕೇಳು’ ಅಂದರು. ಊರಿಗೆ ಬೀಜ ತಗೊಂಡು ಹೋಗುತ್ತಾರಂತೆ.

ಕಾರ್ವರಿಗೆ ಒಂದು ಮೇಲ್ ಹಾಕಿದ್ದೆ, ಗಲಾಟೆ ಇಲ್ಲದೆ, ಮೂರೇ ಸಾಲು. ಕ್ಷಮಿಸಿ ಅಂತ ಉತ್ತರ ಬಂತು, ಜೊತೆಗೆ 20 ಪೌಂಡಿನ ವೋಚರ್. ಮತ್ತೆ ಬಂದು ಊಟ ಮಾಡಿ ಅಂತೆ. ಅಮ್ಮ ಅಂತೂ ಒಲ್ಲೆ ಅಂದಿದ್ದಾರೆ.

ಕೋವೆಂಟ್ರಿ ಗೌಡ

ಮೇಡಂ, ಆ ವೋಚರ್ ನನಗೆ ಕೊಡ್ತೀರಾ? ಹನ್ನೆರಡು ಗಂಟೆಗೇ ಹೋಗುತ್ತೇನೆ.

ಪಾತ್ರೆ ತೊಳೆದವ

ಹನ್ನೆರಡೂ ಕಾಲಿಗೆ ಹೋಗಿ. ಹನ್ನೆರಡಕ್ಕೆ ಇನ್ನೂ ದೀಪ ಹಚ್ಚುತ್ತಿರುತ್ತಾರೆ.

ಮಲೆನಾಡ ಮಿಡಿ

ಮೆಸೇಜ್ ಮಾಡಿ ಗೌಡ್ರೇ, ಕೋಡ್ ಕಳಿಸುತ್ತೇನೆ. ಸರ್ವಿಸ್ ಚಾರ್ಜಿಗೆ ವೋಚರ್ ನಡೆಯಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ, ನೋಡಿಕೊಳ್ಳಿ.